ಮಳೆ ಲೆಕ್ಕದ ತಂತ್ರಾಂಶ, ಮೂರು ಕಾನ್ಫರೆನ್ಸ್: ಒಂದು ಪ್ರಕರಣ ಅಧ್ಯಯನ

ತೀರ್ಥಹಳ್ಳಿ ಕಡೆ ಇರುವ ನಮ್ಮ ದೊಡ್ಡಪ್ಪನ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಅದರ ತುಂಬ ಮಳೆ ಲೆಕ್ಕದ ಪುಸ್ತಕಗಳು. ದಿನಾ ಬೆಳಿಗ್ಗೆ ಅಂಗಳದಲ್ಲಿರುವ ಮಳೆಮಾಪಕದ ನೀರನ್ನು ಅಳತೆಯ ಗಾಜಿಗೆ ಬಗ್ಗಿಸುತ್ತಾರೆ. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. ಮೂವತ್ತು ವರ್ಷಕ್ಕೂ ಜಾಸ್ತಿ ಆಯಿತು, ಇದು ತಪ್ಪಿಲ್ಲ. ದೊಡ್ಡಪ್ಪ ಪರಸ್ಥಳಕ್ಕೆ ಹೋದ ದಿನ ದೊಡ್ಡಮ್ಮ ಬರೆಯುತ್ತಾರೆ. ಅಕ್ಷರ ಬೇರೆ, ಲೆಕ್ಕ ಒಂದೇ.

ಮಲೆನಾಡಿನಲ್ಲಿ ಇದು ದೊಡ್ಡ ವಿಶೇಷವೇನಲ್ಲ. ಅಡಿಕೆ, ಕಾಫಿ ತೋಟ ಇರುವ ಎಷ್ಟೋ ಮನೆಗಳಲ್ಲಿ ಇಂಥ ಪುಸ್ತಕ ಸಿಗುತ್ತದೆ. ಆ ಪುಸ್ತಕಗಳನ್ನು ಉಳಿಸಬೇಕು ಅಂತ ನಾವು ನಾಲ್ಕು ಜನ ಸೇರಿ ಒಂದು ಓಪನ್ ಸೋರ್ಸ್ ತಂತ್ರಾಂಶ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವಂಥದ್ದು, ಮಾಡಿದೆವು. ಅದನ್ನು ಹೊತ್ತುಕೊಂಡು ಎರಡು ಸಲ ಬೆಂಗಳೂರಿನ ತಾಂತ್ರಿಕ ಕಾನ್ಫರೆನ್ಸುಗಳಿಗೆ ಹೋದೆವು. ಮೂರನೇ ಸಲ ಶಿವಮೊಗ್ಗದಲ್ಲೇ ಜನರನ್ನು ಸೇರಿಸಿದೆವು. ಈ ಮೂರು ಸಲ ಏನಾಯಿತು, ಯಾಕೆ ಹಾಗಾಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸಣ್ಣ ಊರಿನಲ್ಲಿ ಕೂತು ಸಣ್ಣ ಪ್ರಾಜೆಕ್ಟ್ ನಡೆಸುವವರಿಗೆ ಉಪಯೋಗಕ್ಕೆ ಬರಬಹುದು.

ಪುಸ್ತಕದಿಂದ ಮೊಬೈಲಿಗೆ

ಮೊದಲು ತಂತ್ರಾಂಶದ ವಿಷಯ ಸ್ವಲ್ಪ ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅಡಿಕೆಗೆ ಮಳೆಗಾಲದಲ್ಲಿ ಕೊಳೆ ರೋಗ ಬರುತ್ತದೆ. ಅದಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ: 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಆ ಎರಡನೇ ಸಲ ಬರುವ ಹೊತ್ತಿಗೆ ಮಳೆ ಜೋರಾಗಿರುತ್ತದೆ. ಒಂದು ಹೊಳವು ಸಿಕ್ಕರೆ ಸಾಕು ಅಂತ ಎಲ್ಲರೂ ಕಾಯುತ್ತಿರುತ್ತಾರೆ. ಹೋದ ವರ್ಷ ಪುಷ್ಯ ಮಳೆಯಲ್ಲಿ ಎಷ್ಟು ದಿನ ಬಿಡುವಿತ್ತು, ಅದರ ಹಿಂದಿನ ವರ್ಷ ಹೇಗಿತ್ತು ಅಂತ ಪುಸ್ತಕ ತೆಗೆದು ನೋಡುತ್ತಾರೆ.

ಇಲ್ಲಿ ಲೆಕ್ಕ ತಿಂಗಳ ಪ್ರಕಾರ ನಡೆಯುವುದಿಲ್ಲ. ನಕ್ಷತ್ರದ ಪ್ರಕಾರ ನಡೆಯುತ್ತದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಜೂನ್ 21-22ರ ಸುಮಾರಿಗೆ ಆರಿದ್ರಾ ಹುಟ್ಟುತ್ತದೆ. ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ, ಮಘಾ. ಹಾಗಾಗಿ ನಮ್ಮ ತಂತ್ರಾಂಶದಲ್ಲೂ ಒಟ್ಟು ಮೊತ್ತ ನಕ್ಷತ್ರಕ್ಕೊಂದು ಬರುತ್ತದೆ.

ಮೊಬೈಲಿನಲ್ಲಿ ದಿನದ ಮಳೆ ನಮೂದಿಸಬಹುದು. ನೆಟ್‌ವರ್ಕ್ ಬೇಕಾಗಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ, ಸಿಗ್ನಲ್ ಬೇಕಾದರೆ ಗುಡ್ಡ ಹತ್ತಬೇಕು. ಅಂಥ ಕಡೆ ನೆಟ್‌ವರ್ಕ್ ನಂಬಿಕೊಂಡು ಏನನ್ನೂ ಮಾಡುವ ಹಾಗಿಲ್ಲ. ಲೆಕ್ಕ ಫೋನಿನೊಳಗೇ ಎಸ್‌ಕ್ಯೂಲೈಟ್ ಅನ್ನುವ ಸಣ್ಣ ಡೇಟಾಬೇಸ್ ಕಡತದಲ್ಲಿ ಕೂರುತ್ತದೆ. ಯಾವತ್ತಾದರೂ ಪೇಟೆಗೆ ಬಂದಾಗ ಲ್ಯಾಪ್‌ಟಾಪಿಗೆ ಹಾಕಿ, ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಇನ್ನೊಂದು ಭಾಗದಿಂದ ವರ್ಷದ ವರದಿಯನ್ನು ಪಿಡಿಎಫ್ ಮಾಡಿ ಪ್ರಿಂಟ್ ಕೊಡುತ್ತೇವೆ. ಕೋಡ್ ಜಿಪಿಎಲ್ 3ನೇ ಆವೃತ್ತಿಯ ಪರವಾನಗಿಯಲ್ಲಿದೆ. ಯಾರು ಬೇಕಾದರೂ ಬಳಸಬಹುದು, ಬದಲಾಯಿಸಬಹುದು. ಬದಲಾಯಿಸಿ ಹಂಚಿದರೆ ಆ ಕೋಡನ್ನೂ ಇದೇ ಪರವಾನಗಿಯಲ್ಲಿ ಕೊಡಬೇಕು.

ನಾಲ್ಕು ಜನ ಅಂದೆನಲ್ಲ. ಶಿವಮೊಗ್ಗದಲ್ಲಿರುವ ನಾನು. ಸಾಗರದ ಕಡೆಯ ಒಬ್ಬ ಗೆಳೆಯ, ಕೋಡಿನ ಮುಕ್ಕಾಲು ಪಾಲು ಅವನದೇ. ಇಂಜಿನಿಯರಿಂಗ್ ಓದುತ್ತಿದ್ದ ಒಬ್ಬಳು ಹುಡುಗಿ, ಹಳೇ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸಿದವಳು. ಮತ್ತೆ ದೊಡ್ಡಪ್ಪ. ಅವರಿಗೆ ಕೋಡ್ ಗೊತ್ತಿಲ್ಲ. ಆದರೆ ಅವರಿಲ್ಲದೆ ಈ ಪ್ರಾಜೆಕ್ಟ್ ಇಲ್ಲ.

ಮೊದಲ ಸಲ

ಮೊದಲ ಕಾನ್ಫರೆನ್ಸಿಗೆ ಪ್ರಸ್ತಾವನೆ ಬರೆದದ್ದು ನಾನು. ಮಾತಾಡಿದ್ದೂ ನಾನೇ. ನನಗೆ ಇಂಗ್ಲಿಷ್ ಸ್ವಲ್ಪ ಸಲೀಸು ಅನ್ನುವುದೊಂದೇ ಕಾರಣ. ಸಾಗರದ ಗೆಳೆಯ ನಾಲ್ಕು ಜನರ ಮುಂದೆ ಬಾಯಿ ಬಿಡುವವನಲ್ಲ. ಅವನನ್ನು ಕಳಿಸುವ ಯೋಚನೆಯೇ ನಮಗೆ ಬರಲಿಲ್ಲ.

25 ನಿಮಿಷದ ಸಮಯ ಸಿಕ್ಕಿತು. ಒಂದು ತಿಂಗಳು ಕೂತು ಸ್ಲೈಡ್ ಮಾಡಿದೆ. ಮಲೆನಾಡಿನ ಹಸಿರು ಚಿತ್ರ, ತಂತ್ರಾಂಶದ ಒಳರಚನೆಯ ನಕ್ಷೆ, ಹತ್ತು ವರ್ಷದ ಮಳೆಯ ಗ್ರಾಫ್. ನಕ್ಷತ್ರದ ಲೆಕ್ಕವನ್ನು ಬಿಟ್ಟುಬಿಟ್ಟೆ. ಬೆಂಗಳೂರಿನವರಿಗೆ ಅದು ಎಲ್ಲಿ ಅರ್ಥವಾಗಬೇಕು, ವಿವರಿಸುತ್ತ ಕೂತರೆ ಸಮಯ ಹೋಗುತ್ತದೆ ಅಂದುಕೊಂಡೆ. ಇಂಚನ್ನೆಲ್ಲ ಮಿಲಿಮೀಟರ್ ಮಾಡಿದೆ. ದೊಡ್ಡಪ್ಪನ ಪುಸ್ತಕದ ಒಂದು ಫೋಟೋ ಕೂಡ ಹಾಕಲಿಲ್ಲ.

ಒಂದು ಸ್ಲೈಡ್ ಮಾತ್ರ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಪುಸ್ತಕದ ಲೆಕ್ಕವನ್ನು ಏರಿಸಿದಾಗ ತಂತ್ರಾಂಶದ ವಾರ್ಷಿಕ ಮೊತ್ತ ಪುಸ್ತಕದ ಮೊತ್ತಕ್ಕಿಂತ ಜಾಸ್ತಿ ಬರುತ್ತಿತ್ತು. ಪ್ರತಿ ವರ್ಷವೂ ಹಾಗೇ. ಕೈಯಲ್ಲಿ ಕೂಡುವಾಗ ದೊಡ್ಡಪ್ಪ ತಪ್ಪಿರಬೇಕು ಅಂತ ನಾವು ತೀರ್ಮಾನಿಸಿದ್ದೆವು. ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಆ ಸ್ಲೈಡಿನಲ್ಲಿ ಎರಡು ಮೊತ್ತಗಳನ್ನೂ ಪಕ್ಕಪಕ್ಕ ಹಾಕಿ, ಕೈ ಲೆಕ್ಕದ ತಪ್ಪನ್ನು ನಮ್ಮ ತಂತ್ರಾಂಶ ಹಿಡಿಯುತ್ತದೆ ಅಂತ ಬರೆದಿದ್ದೆ. ಅದನ್ನು ನೂರಾರು ಜನರ ಮುಂದೆ ಓದಿ ಹೇಳಿದೆ.

ಚಪ್ಪಾಳೆ ಬಿತ್ತು. ಮೂರು ಪ್ರಶ್ನೆ ಬಂದವು. ಮೂರಕ್ಕೂ ಉತ್ತರ ನನ್ನ ಹತ್ತಿರ ತಯಾರಿತ್ತು. ಅವತ್ತೇ ರಾತ್ರಿ ಮೆಜೆಸ್ಟಿಕ್‌ನಲ್ಲಿ ಶಿವಮೊಗ್ಗದ ಬಸ್ಸು ಹತ್ತಿದೆ. ಮಾರನೇ ದಿನ ಅಲ್ಲಿ ಡೆವ್‌ಸ್ಪ್ರಿಂಟ್ ಇತ್ತು. ಅಂದರೆ ಬೇರೆ ಬೇರೆ ಪ್ರಾಜೆಕ್ಟಿನವರು ಒಂದೊಂದು ಮೇಜಿಗೆ ಕೂರುತ್ತಾರೆ, ಬಂದವರು ತಮಗೆ ಇಷ್ಟವಾದ ಮೇಜಿಗೆ ಹೋಗಿ ಕೋಡ್ ಬರೆಯಲು ಕೈಜೋಡಿಸುತ್ತಾರೆ. ನನಗೆ ಕೆಲಸಕ್ಕೆ ಹೋಗಬೇಕಿತ್ತು. ಮಾತು ಮುಗಿಯಿತಲ್ಲ, ಇನ್ನೇನು ಅನ್ನುವ ಭಾವನೆಯೂ ಇತ್ತು.

ಆಮೇಲಿನ ಎರಡು ತಿಂಗಳು ನಾವು ಕಾದೆವು. ಒಬ್ಬರೂ ಕೋಡಿನ ಕಡೆ ಬರಲಿಲ್ಲ. ಒಂದು ದೋಷದ ವರದಿಯೂ ಇಲ್ಲ, ಒಂದು ಪ್ರಶ್ನೆಯೂ ಇಲ್ಲ. ಹುಡುಗಿಗೆ ಬೇಸರವಾಯಿತು. ಕಾನ್ಫರೆನ್ಸಿನವರ ತಪ್ಪು ಏನೂ ಇರಲಿಲ್ಲ. ಒಳ್ಳೆಯ ಸಭಾಂಗಣ ಕೊಟ್ಟಿದ್ದರು, ಮಾತನ್ನು ರೆಕಾರ್ಡ್ ಮಾಡಿ ಹಾಕಿದ್ದರು. ತಪ್ಪು ಎಲ್ಲಿ ಅಂತ ನಾವು ನಮ್ಮ ಕಡೆಯೇ ಹುಡುಕಬೇಕಾಯಿತು.

ಕೆಲವು ಬೇಗ ಕಂಡವು. ಹೊಸಬರು ನಮ್ಮ ಕೋಡನ್ನು ತಮ್ಮ ಕಂಪ್ಯೂಟರಿನಲ್ಲಿ ಓಡಿಸಲು ಅರ್ಧ ದಿನ ಒದ್ದಾಡಬೇಕಿತ್ತು. ಹೇಗೆ ಓಡಿಸಬೇಕು ಅಂತ ತಿಳಿಸಬೇಕಾದ ರೀಡ್‌ಮಿ ಕಡತದಲ್ಲಿ ಎರಡು ಸಾಲು ಬಿಟ್ಟರೆ ಏನಿಲ್ಲ. ಮೊದಲ ಸಲ ಬಂದವರು ಎತ್ತಿಕೊಳ್ಳಬಹುದಾದ ಸಣ್ಣ ಕೆಲಸಗಳನ್ನು ಎಲ್ಲೂ ಪಟ್ಟಿ ಮಾಡಿರಲಿಲ್ಲ. ಇವೆಲ್ಲ ಸರಿಪಡಿಸುವಂಥವೇ.

ಇನ್ನೊಂದು ಕಾರಣ ಕಾಣಲು ತಡವಾಯಿತು. ಅದನ್ನು ಕಂಡುಹಿಡಿದದ್ದು ಸಾಗರದ ಗೆಳೆಯ. ರೆಕಾರ್ಡ್ ಆದ ನನ್ನ ಮಾತನ್ನು ಪೂರ್ತಿ ನೋಡಿ ಅವನು ಹೇಳಿದ್ದು ಇಷ್ಟೇ: "ಎಲ್ಲಾ ಸರಿ ಇದೆ ಅಂದ್ಯಲ್ಲೋ. ಎಲ್ಲಾ ಸರಿ ಇದ್ದಲ್ಲಿಗೆ ಯಾರು ಎಂತಕ್ಕೆ ಬರ್ತಾರೆ?"

ಹೌದು. ನಮ್ಮ ಪಿಡಿಎಫ್ ವರದಿಯಲ್ಲಿ ಕನ್ನಡ ಒಡೆದು ಬರುತ್ತಿತ್ತು. ಆರು ತಿಂಗಳಿಂದ ಅದು ನಮ್ಮ ಕೈಗೆ ಬಗ್ಗಿರಲಿಲ್ಲ. ಆ ಮಾತನ್ನು ನಾನು ಆಡಲೇ ಇಲ್ಲ. ಬಚ್ಚಿಟ್ಟೆ ಅಂತಲೇ ಹೇಳಬೇಕು. ಆ ಸಭಾಂಗಣದಲ್ಲಿ ಅದನ್ನು ಬಗೆಹರಿಸಬಲ್ಲವರು ಹತ್ತು ಜನರಾದರೂ ಕೂತಿದ್ದಿರಬೇಕು.

ಎರಡನೇ ಸಲ

ಮುಂದಿನ ವರ್ಷ ಇನ್ನೊಂದು ಕಾನ್ಫರೆನ್ಸ್. ಈ ಸಲ ದೊಡ್ಡ ಮಾತಿಗೆ ಪ್ರಸ್ತಾವನೆ ಕಳಿಸಲಿಲ್ಲ. ಇಂಥ ಕಡೆ ಲೈಟ್ನಿಂಗ್ ಟಾಕ್ ಅಂತ ಇರುತ್ತದೆ. ಐದು ನಿಮಿಷ, ಅಲ್ಲೇ ಹೆಸರು ಕೊಟ್ಟರೆ ಸಾಕು. ಹೋಗಬೇಕಾದವರು ಸಾಗರದ ಗೆಳೆಯ ಮತ್ತು ಹುಡುಗಿ ಅಂತ ತೀರ್ಮಾನವಾಯಿತು. ನಾನು ಜೊತೆಗೆ ಹೋದೆ, ವೇದಿಕೆ ಹತ್ತಲಿಲ್ಲ. ವಾಪಸಿನ ಟಿಕೆಟನ್ನು ಡೆವ್‌ಸ್ಪ್ರಿಂಟ್ ಮುಗಿದ ರಾತ್ರಿಗೆ ಮಾಡಿಸಿದೆವು. ಹೋಗುವ ಮೊದಲು ರೀಡ್‌ಮಿ ಕಡತವನ್ನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆದೆವು. ಹಾಲ್‌ನ ವೈಫೈ ನಂಬಬಾರದು ಅಂತ ಇಡೀ ಕೋಡ್ ಮತ್ತು ಅದಕ್ಕೆ ಬೇಕಾದ ಲೈಬ್ರರಿಗಳನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಹೋದೆವು. ಅದರಿಂದ ತುಂಬಾ ಅನುಕೂಲವಾಯಿತು. ಹೊಸಬರ ಲ್ಯಾಪ್‌ಟಾಪಿನಲ್ಲಿ ಕಾಲು ಗಂಟೆಯೊಳಗೆ ತಂತ್ರಾಂಶ ಓಡುತ್ತಿತ್ತು.

ಗೆಳೆಯ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಮಾತಾಡಿದ. ತೋರಿಸಿದ್ದು ಎರಡೇ ಚಿತ್ರ.

ಒಂದು ನಮ್ಮ ಒಡೆದ ಪಿಡಿಎಫ್. ಅದರಲ್ಲಿ "ವರ್ಷ" ಅನ್ನುವುದು "ವರ್‌ಷ" ಆಗಿತ್ತು. "ಪುಷ್ಯ" ಹೋಗಿ "ಪುಷ್‌ಯ", "ಆರಿದ್ರಾ" ಹೋಗಿ "ಆರಿದ್‌ರಾ". ಮಳೆ ನಕ್ಷತ್ರಗಳ ಹೆಸರಿನಲ್ಲಿ ಒತ್ತಕ್ಷರಕ್ಕೇನು ಕಮ್ಮಿಯೇ? ದೊಡ್ಡಪ್ಪನಿಗೆ ಇದನ್ನು ಪ್ರಿಂಟ್ ಹಾಕಿ ಕೊಟ್ಟರೆ ಎದುರಿಗೆ ಬೈಯದೆ, ಕನ್ನಡಕ ತೆಗೆದಿಟ್ಟು ಸುಮ್ನೆ ಪಕ್ಕಕ್ಕಿಡುತ್ತಾರೆ ಅಂದ. ಇನ್ನೊಂದು ಚಿತ್ರ, ದೊಡ್ಡಪ್ಪನ ಪುಸ್ತಕದ ಒಂದು ಪುಟ. ನಾವು ಕೆಲಸ ಮಾಡುತ್ತಿರುವುದು ಇಂಥ ಪುಟಗಳ ಮೇಲೆ ಅಂತ ತೋರಿಸಿ, "ನಾಳೆ ಇಡೀ ದಿನ ಮೂಲೆ ಮೇಜಲ್ಲಿ ಕೂತಿರ್ತೀವಿ, ಬನ್ನಿ" ಅಂತ ಹೇಳಿ ಇಳಿದ. ಐದು ನಿಮಿಷ ಪೂರ್ತಿ ಬಳಸಲೂ ಇಲ್ಲ.

ಇಳಿಯುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬರು ಕೈ ಎತ್ತಿದರು. ಕೊಪ್ಪದ ಕಡೆ ಕಾಫಿ ತೋಟದ ಮನೆಯವರು, ಬೆಂಗಳೂರಿನಲ್ಲಿ ಕೆಲಸ. ಪುಸ್ತಕದ ಪುಟದಲ್ಲಿ ಒಂದು ಕಡೆ ಬೆರಳು ತೋರಿಸಿ ಕೇಳಿದರು: "ಅಲ್ಲಿ 1-5 ಅಂತ ಇದೆಯಲ್ಲ, ಅದನ್ನು ಎಷ್ಟು ಅಂತ ತಗೊಂಡಿದ್ದೀರಿ?"

ಹುಡುಗಿ, "ಒಂದೂವರೆ ಇಂಚು" ಅಂದಳು.

"ನಮ್ಮ ಮನೇಲಿ ಅದು ಒಂದು ಇಂಚು ಐದು ಸೆಂಟು."

ಕಾಫಿ ಸೀಮೆಯಲ್ಲಿ ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟು ಅನ್ನುತ್ತಾರೆ. ಒಂದು ಇಂಚು ಐದು ಸೆಂಟು ಅಂದರೆ 1.05 ಇಂಚು, ಅಂದರೆ 26.7 ಮಿಲಿಮೀಟರ್. ನಾವು ಅದನ್ನು 1.5 ಅಂತ ಏರಿಸಿ 38.1 ಮಿಲಿಮೀಟರ್ ಮಾಡಿದ್ದೆವು. ಒಂದೂವರೆ ಇಂಚು ಬಿದ್ದ ದಿನ ದೊಡ್ಡಪ್ಪ 1-50 ಅಂತಲೇ ಬರೆಯುತ್ತಾರೆ. ಸೆಂಟು ಹತ್ತಕ್ಕಿಂತ ಕಮ್ಮಿ ಇದ್ದ ಪ್ರತಿ ದಿನವೂ ಆ ಸೆಂಟನ್ನು ನಾವು ಹತ್ತು ಪಟ್ಟು ಮಾಡಿದ್ದೆವು. ವರ್ಷದ ಮೊತ್ತ ಜಾಸ್ತಿ ಬರುತ್ತಿದ್ದದ್ದು ಅದಕ್ಕೇ.

ದೊಡ್ಡಪ್ಪನ ಕೂಡುವಿಕೆ ಸರಿಯಾಗಿಯೇ ಇತ್ತು. ಮೂವತ್ತು ವರ್ಷದ ಲೆಕ್ಕವೂ ಸರಿಯಾಗಿಯೇ ಇತ್ತು.

ಆ ಹೊತ್ತಿನಲ್ಲಿ ನನಗೆ ಹಿಂದಿನ ವರ್ಷದ ಸ್ಲೈಡ್ ಕಣ್ಣ ಮುಂದೆ ಬಂತು. ಊರಿಗೆ ಹೋದ ಮೇಲೆ ದೊಡ್ಡಪ್ಪನ ಎದುರು ಕೂತು ಎಲ್ಲವನ್ನೂ ಹೇಳಿ ತಪ್ಪಾಯಿತು ಅಂದೆ. ಅವರು ಪುಸ್ತಕ ತೆಗೆದು, 1-5 ಹೇಗೆ, 1-50 ಹೇಗೆ ಅಂತ ಒಂದು ಸಲ ತೋರಿಸಿಕೊಟ್ಟರು. "ಕೇಳಿದ್ರೆ ಹೇಳ್ತಿದ್ನಲ್ಲ ಮಾರಾಯ" ಅಂದರು. ಅಷ್ಟೇ.

ಒಡೆದ ಅಕ್ಷರ ಕೂಡಿದ ಬಗೆ

ಮಾರನೇ ದಿನ ಮೂಲೆ ಮೇಜಿಗೆ ಮೂರು ಜನ ಬಂದರು. ಅದರಲ್ಲಿ ಒಬ್ಬರು ಕೇರಳದವರು, ಮಲಯಾಳಂ ಅಕ್ಷರಗಳ ಕೆಲಸದಲ್ಲಿ ಪಳಗಿದವರು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಪಿಡಿಎಫ್ ನೋಡಿದ ಕೂಡಲೇ ಕಾಯಿಲೆ ಯಾವುದು ಅಂತ ಗೊತ್ತಾಯಿತು.

ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಕೆಲಸ ಮಾಡುವ ಎಲ್ಲರಿಗೂ ಇದು ಬೇಕು. ಯುನಿಕೋಡ್‌ನಲ್ಲಿ "ವರ್ಷ" ಅಂದರೆ ನಾಲ್ಕು ಸಂಕೇತಗಳು: ವ, ರ, ಹಲಂತದ ಚಿಹ್ನೆ, ಷ. ಉಚ್ಚರಿಸುವ ಕ್ರಮದಲ್ಲೇ ಅವು ಕೂತಿರುತ್ತವೆ. ಆದರೆ ಬರೆಯುವಾಗ ರಕಾರ ಅರ್ಕಾವೊತ್ತಾಗಿ ಷಕಾರದ ಆಚೆಗೆ ಹೋಗುತ್ತದೆ. ಈ ಜಾಗ ಬದಲಾವಣೆ, ಒತ್ತು ಕೂಡಿಸುವುದು, ಗುಣಿತ ಜೋಡಿಸುವುದು ಎಲ್ಲವನ್ನೂ ಯಾರಾದರೂ ಮಾಡಬೇಕು. ಫಾಂಟಿನಲ್ಲಿ ಅಕ್ಷರದ ಆಕಾರಗಳೂ ಜೋಡಣೆಯ ನಿಯಮಗಳೂ ಇರುತ್ತವೆ. ಆ ನಿಯಮ ಓದಿ ಜೋಡಿಸುವ ಕೆಲಸ ಬೇರೆಯದೇ ತಂತ್ರಾಂಶದ್ದು. ಹಾರ್ಫ್‌ಬಜ್ ಅಂಥದ್ದು. ಅದೂ ಓಪನ್ ಸೋರ್ಸ್. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್ ಎಲ್ಲದರ ಒಳಗೂ ಕೂತು ಇದೇ ಕೆಲಸ ಮಾಡುತ್ತದೆ. ನಾವು ಬಳಸುತ್ತಿದ್ದ ಪಿಡಿಎಫ್ ಲೈಬ್ರರಿ ಈ ಹಂತವನ್ನೇ ಬಿಟ್ಟು, ಸಂಕೇತಕ್ಕೊಂದು ಆಕಾರ ಇಟ್ಟು ಮುಂದೆ ಹೋಗುತ್ತಿತ್ತು. ನಾವು ಆರು ತಿಂಗಳು ಫಾಂಟ್ ಬದಲಾಯಿಸಿ ಬದಲಾಯಿಸಿ ನೋಡಿದ್ದೆವು. ಫಾಂಟಿನಲ್ಲಿ ದೋಷವೇ ಇರಲಿಲ್ಲ.

ದಾರಿ ಸರಳವಾಗಿತ್ತು. ವರದಿಯನ್ನು ವೆಬ್ ಪುಟದ ಹಾಗೆ ಎಚ್‌ಟಿಎಮ್‌ಎಲ್ ಆಗಿ ಬರೆದು, ವೀಸಿಪ್ರಿಂಟ್ ಅನ್ನುವ ತಂತ್ರಾಂಶದ ಮೂಲಕ ಪಿಡಿಎಫ್ ಮಾಡುವುದು. ವೀಸಿಪ್ರಿಂಟ್ ಅಕ್ಷರ ಜೋಡಣೆಗೆ ಪ್ಯಾಂಗೋ ಅನ್ನುವ ಲೈಬ್ರರಿ ಬಳಸುತ್ತದೆ, ಪ್ಯಾಂಗೋ ಒಳಗೆ ಹಾರ್ಫ್‌ಬಜ್ ಇದೆ. ಸಂಜೆ ನಾಲ್ಕರ ಹೊತ್ತಿಗೆ "ಪುಷ್ಯ", "ಆಶ್ಲೇಷ" ಎಲ್ಲ ಸರಿಯಾಗಿ ಪರದೆಯ ಮೇಲೆ ಬಂದವು. ಹುಡುಗಿ ಎದ್ದು ನಿಂತು ಕೂಗಿದಳು. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು.

ಕನ್ನಡ ಟೈಪ್ ಮಾಡುವ ಕಷ್ಟವನ್ನು ನಮ್ಮ ಹಿಂದಿನವರು ಬಗೆಹರಿಸಿಕೊಟ್ಟಿದ್ದಾರೆ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಮೇಲೇ ನಮ್ಮಲ್ಲಿ ಎಷ್ಟೋ ಜನರ ಬೆರಳು ಓಡುತ್ತದೆ. ಒಂದು ಭಾಷೆ ಕಂಪ್ಯೂಟರಿನಲ್ಲಿ ನಿಲ್ಲಬೇಕಾದರೆ ಹೀಗೆ ಒಬ್ಬರಾದ ಮೇಲೆ ಒಬ್ಬರು ಒಂದೊಂದು ಗಂಟು ಬಿಚ್ಚುತ್ತಾ ಬರಬೇಕು. ಅವತ್ತು ಕನ್ನಡದ ಒಂದು ಗಂಟನ್ನು ಕನ್ನಡ ಓದಲು ಬಾರದವರು ಬಿಚ್ಚಿಕೊಟ್ಟರು. ಆ ಸಂಜೆ ನಾವು ಮೂವರೂ ತುಂಬಾ ಹೊತ್ತು ಅದನ್ನೇ ಮಾತಾಡುತ್ತಿದ್ದೆವು.

ಊಟದ ಸಾಲಿನ ಪ್ರಶ್ನೆ

ಎಲ್ಲಕ್ಕಿಂತ ದೊಡ್ಡ ವಿಷಯ ಆದದ್ದು ಊಟದ ಸಾಲಿನಲ್ಲಿ. ಹವಾಮಾನದ ಅಂಕಿಅಂಶಗಳ ಜೊತೆ ಕೆಲಸ ಮಾಡುವ ಒಬ್ಬ ಮೇಡಂ ನಮ್ಮ ಮುಂದೆ ತಟ್ಟೆ ಹಿಡಿದು ನಿಂತಿದ್ದರು. ಮಳೆ ಲೆಕ್ಕ ಅಂದಕೂಡಲೇ ಕೇಳಿದರು: "ನಿಮ್ಮವರು ಎಷ್ಟು ಗಂಟೆಗೆ ಅಳೀತಾರೆ? ಯಾವ ತಾರೀಕಿಗೆ ಬರೀತಾರೆ?"

ನಮ್ಮ ಮೂವರಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಭಾರತೀಯ ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ಹಿಂದಿನ 24 ಗಂಟೆಯಲ್ಲಿ ಬಿದ್ದ ಮಳೆಯನ್ನು ಅಳೆದ ದಿನದ ತಾರೀಕಿಗೆ ಬರೆಯುತ್ತದೆ. ಹಾಲ್‌ನ ಹೊರಗೆ ಬಂದು ದೊಡ್ಡಪ್ಪನಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಸಿಗ್ನಲ್ ಇತ್ತು.

"ಏಳು ಗಂಟೆಗೆ, ಕಾಫಿ ಕುಡಿದ ಮೇಲೆ. ನಿನ್ನೆ ತಾರೀಕಿಗೆ ಬರೀತೀನಿ. ಹೊಯ್ದದ್ದು ನಿನ್ನೆ ತಾನೇ? ಎಂತಕ್ಕೆ ಈಗ?"

"ಹಳ್ಳದಾಚೆ ಮನೆಯವರು?"

"ಅವ್ರು ಇವತ್ತಿನ ತಾರೀಕಿಗೇ ಬರೀತಾರಪ್ಪ. ಅವ್ರ ಅಪ್ಪನ ಕಾಲದಿಂದ ಹಂಗೇ."

ಹಳ್ಳದ ಈಚೆ ಮನೆ, ಆಚೆ ಮನೆ. ಒಂದೇ ಮಳೆ. ನಮ್ಮ ತಂತ್ರಾಂಶದಲ್ಲಿ ಎರಡು ಬೇರೆ ಬೇರೆ ದಿನ ಬಿದ್ದ ಹಾಗೆ ಕೂತಿತ್ತು. ಒಂದು ಮನೆಯ ಮಟ್ಟಿಗೆ ಇದರಿಂದ ತೊಂದರೆ ಇಲ್ಲ. ದೊಡ್ಡಪ್ಪನಿಗೆ ಹೊಳವು ಯಾವಾಗ ಅಂತ ಅವರ ಪುಸ್ತಕವೇ ಹೇಳುತ್ತದೆ. ಆದರೆ ಹತ್ತು ಮನೆಯ ಲೆಕ್ಕ ಸೇರಿಸಿ ನೋಡಬೇಕು, ಪಂಚಾಯಿತಿಯ ಮಳೆಮಾಪಕದ ಜೊತೆ ಹೋಲಿಸಬೇಕು ಅಂದಕೂಡಲೇ ಇಡೀ ಲೆಕ್ಕ ಕಲಸಿಹೋಗುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಆಗುಂಬೆಯ ಸುತ್ತಮುತ್ತ ಆ ಅಂಕಿಗಳು ಅಪರೂಪವಲ್ಲ. ಅಂಥ ಒಂದು ದಿನ ಯಾವ ತಾರೀಕಿನದು ಅನ್ನುವುದೇ ತಪ್ಪಿದ್ದರೆ ಉಳಿದದ್ದನ್ನು ಯಾರು ನಂಬುತ್ತಾರೆ?

ಆ ಮೇಡಂ ಒಂದು ಸಾಲೂ ಕೋಡ್ ಬರೆಯಲಿಲ್ಲ. ನಮ್ಮ ಮೇಜಿಗೂ ಬರಲಿಲ್ಲ, ಅವರಿಗೆ ಬೇರೆ ಕಡೆ ಮಾತಿತ್ತು. ಆದರೆ ನಮ್ಮ ಪ್ರಾಜೆಕ್ಟಿಗೆ ಇದುವರೆಗೆ ಸಿಕ್ಕ ಅತಿ ದೊಡ್ಡ ಕೊಡುಗೆ ಯಾವುದು ಅಂತ ಕೇಳಿದರೆ ನಾನು ಆ ಎರಡು ವಾಕ್ಯದ ಪ್ರಶ್ನೆಯನ್ನೇ ಹೇಳುತ್ತೇನೆ.

ಸರಿಪಡಿಸಲು ಆ ಇಡೀ ಮಳೆಗಾಲ ಹಿಡಿಯಿತು. ಈಗ ನಮೂದಿಸುವಾಗ ಇಂಚಿಗೆ ಒಂದು ಚೌಕ, ಸೆಂಟಿಗೆ ಇನ್ನೊಂದು ಚೌಕ. ಅಳೆದ ದಿನ ಮತ್ತು ಗಂಟೆ ಬೇರೆಯಾಗಿ ಕೂರುತ್ತದೆ. ಮನೆಯವರು ಯಾವ ತಾರೀಕಿಗೆ ಬರೆಯುತ್ತಾರೋ ಅದು ಹಾಗೇ ಇರುತ್ತದೆ. ಅವರ ಪುಸ್ತಕವನ್ನು ನಾವು ತಿದ್ದುವುದಿಲ್ಲ. ಹೋಲಿಸುವಾಗ ಮಾತ್ರ ತಂತ್ರಾಂಶ ಎಲ್ಲವನ್ನೂ ಒಂದೇ ಲೆಕ್ಕಕ್ಕೆ ತರುತ್ತದೆ. ಹಳೇ ಪುಸ್ತಕಗಳಿಗೆ ಒಂದೊಂದು ಮನೆಗೂ ಹೋಗಿ ಕೂತು ಕೇಳಬೇಕಾಯಿತು. ಹುಡುಗಿ ಆ ಪುಟಗಳನ್ನೆಲ್ಲ ಇನ್ನೊಂದು ಸಲ ನೋಡಿ ತಿದ್ದಿದಳು.

ಎಲ್ಲಿಗೆ ಹೋಗಬೇಕು, ಯಾವಾಗ

ಹೋಗಬೇಕಾದ ಕಡೆಗೆಲ್ಲ ಹೋಗಲು ನಮಗೆ ಆಗುವುದಿಲ್ಲ. ಹಾಗಾಗಿ ಆರಿಸಬೇಕು.

ನಮ್ಮ ಅದೃಷ್ಟಕ್ಕೆ ಬೆಂಗಳೂರು ಒಂದು ರಾತ್ರಿ ಬಸ್ಸಿನ ದೂರದಲ್ಲಿದೆ, ಬೆಳಗಿನ ಜಾವದ ಜನಶತಾಬ್ದಿಯೂ ಇದೆ. ಅಲ್ಲಿ 2001ರಲ್ಲೇ ಲಿನಕ್ಸ್ ಬೆಂಗಳೂರು ಅನ್ನುವ ಓಪನ್ ಸೋರ್ಸ್ ಕಾನ್ಫರೆನ್ಸ್ ಶುರುವಾಗಿ, 2005ರಿಂದ ಫಾಸ್ ಡಾಟ್ ಇನ್ ಆಗಿ 2012ರವರೆಗೆ ನಡೆಯಿತು. ಪೈಥಾನ್ ಬಳಸುವವರ ಪೈಕಾನ್ ಇಂಡಿಯಾ ಮೊದಲು ನಡೆದದ್ದು 2009ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ. ಈಗ ಫಾಸ್ ಯುನೈಟೆಡ್‌ನವರ ಇಂಡಿಯಾಫಾಸ್ ಇದೆ. 2023ರಲ್ಲಿ ಡೆಬಿಯನ್ ಲಿನಕ್ಸ್‌ನವರ ಡೆಬ್‌ಕಾನ್ ಕೊಚ್ಚಿಗೇ ಬಂದಿತ್ತು. ಬ್ರಸೆಲ್ಸ್‌ನಲ್ಲಿ ಪ್ರತಿ ಫೆಬ್ರವರಿ ಹೊತ್ತಿಗೆ ನಡೆಯುವ ಫಾಸ್‌ಡೆಮ್‌ಗೆ ಪ್ರವೇಶ ಶುಲ್ಕವೇ ಇಲ್ಲ, ನೋಂದಣಿಯೂ ಬೇಡ. ಆದರೆ ವಿಮಾನ, ವೀಸಾ ಯಾರು ಕೊಡುತ್ತಾರೆ? ಅವರ ಮಾತುಗಳ ವಿಡಿಯೊ ಉಚಿತವಾಗಿ ಸಿಗುತ್ತವೆ. ಅಕ್ಷರ ಜೋಡಣೆಗೆ ಸಂಬಂಧಿಸಿದವನ್ನು ಕೂತು ನೋಡಿದೆವು. ಸದ್ಯಕ್ಕೆ ಅಷ್ಟು ಸಾಕು.

ಖರ್ಚು ಅಂದರೆ ಬಸ್ ಚಾರ್ಜು, ನೆಂಟರ ಮನೆಯ ವಾಸ, ಕೆಲಸಕ್ಕೆ ರಜೆ. ಪ್ರಯಾಣದ ಸಹಾಯಧನ ಕೊಡುವ ಕಾನ್ಫರೆನ್ಸುಗಳಿವೆ, ಕೇಳಲು ಸಂಕೋಚ ಪಡಬಾರದು. ಎರಡನೇ ಸಲ ಹುಡುಗಿಗೆ ಸಿಕ್ಕಿತು.

ನಿಜವಾದ ಕಷ್ಟ ದಿನಗಳದ್ದು. ದೊಡ್ಡ ಕಾನ್ಫರೆನ್ಸುಗಳು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಬರುತ್ತವೆ. ಆಗ ನಮ್ಮಲ್ಲಿ ಅಡಿಕೆ ಕೊಯ್ಲು ಶುರು. ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರ ಬರುತ್ತೇನೆ ಅಂದ ದಿನ ಮನೆ ಬಿಟ್ಟು ಹೊರಡುವ ಹಾಗಿಲ್ಲ. ಕೊಯ್ದದ್ದನ್ನು ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಸಾಗರದ ಗೆಳೆಯನ ಮನೆಯಲ್ಲೂ ತೋಟ ಇದೆ. ಪ್ರಾಜೆಕ್ಟ್ ಬಲ್ಲವರು ಹೋಗಲು ಆಗದೆ, ಪುರುಸೊತ್ತು ಇದ್ದವರು ಹೋಗುವುದು ಹೀಗೇ ಶುರುವಾಗುತ್ತದೆ. ಮೊದಲ ಸಲ ನಾನು ಹೋದದ್ದಕ್ಕೆ ಇಂಗ್ಲಿಷಿನ ಜೊತೆ ಇದೂ ಒಂದು ಕಾರಣವಾಗಿತ್ತು.

ಶಿವಮೊಗ್ಗದಲ್ಲಿ

ಹಾಗಾದರೆ ಬಲ್ಲವರು ಇರುವ ಕಡೆಗೇ ಯಾಕೆ ಸೇರಬಾರದು ಅನ್ನಿಸಿತು. ಫೆಬ್ರವರಿಯ ಒಂದು ಭಾನುವಾರ ಆರಿಸಿದೆವು. ಅಷ್ಟರಲ್ಲಿ ಕೊಯ್ಲು ಮುಗಿದಿರುತ್ತದೆ, ಮಳೆ ದೂರ ಇರುತ್ತದೆ. ಶಿವಮೊಗ್ಗದ ಒಂದು ಕಾಲೇಜಿನ ಹಾಲ್ ಸಿಕ್ಕಿತು. ವಿದ್ಯಾರ್ಥಿಗಳು ಬಂದರು. ಮಳೆ ಪುಸ್ತಕ ಇಟ್ಟವರು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಪುಸ್ತಕ ಹಿಡಿದುಕೊಂಡೇ ಬಂದರು. ಬೆಂಗಳೂರಿನ ಮೂಲೆ ಮೇಜಿಗೆ ಬಂದಿದ್ದ ಮೂವರಲ್ಲಿ ಒಬ್ಬರು ಬಂದರು. ಉಳಿದಿಬ್ಬರ ಸುದ್ದಿ ಆ ದಿನದ ನಂತರ ಇಲ್ಲ. ಹಾಗೆ ಆಗುತ್ತದೆ, ಅದಕ್ಕೆ ಬೇಸರ ಮಾಡಿಕೊಳ್ಳಬಾರದು.

ಬೆಳಿಗ್ಗೆ ನಾವು ಒಂದು ತಪ್ಪು ಮಾಡಿದೆವು. ಬೆಂಗಳೂರಿನಲ್ಲಿ ನೋಡಿದ ಹಾಗೇ ಮಧ್ಯಾಹ್ನದವರೆಗೆ ಬರೀ ಮಾತು ಇಟ್ಟೆವು. ಓಪನ್ ಸೋರ್ಸ್ ಅಂದರೇನು, ಪರವಾನಗಿ ಅಂದರೇನು. ತೋಟದವರು ಶಿಸ್ತಾಗಿ ಕೂತು ಕೇಳಿದರು. ಆದರೆ ಊಟ ಮುಗಿಯುವ ಹೊತ್ತಿಗೆ ಕೆಲವರು ಬಸ್ಸಿನ ಸಮಯ ಆಯಿತು ಅಂತ ಎದ್ದರು. ಅವರ ಪುಸ್ತಕಗಳನ್ನು ನಾವು ಬಿಡಿಸಿ ನೋಡಿಯೇ ಇರಲಿಲ್ಲ. ದೂರದ ಹಳ್ಳಿಗಳಿಗೆ ಸಂಜೆ ಮೇಲೆ ಬಸ್ಸಿಲ್ಲ ಅನ್ನುವುದು ನಮಗೆ ಗೊತ್ತಿಲ್ಲದ ವಿಷಯವೇನಲ್ಲ. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ ನೋಡಿ ಬೆಳಿಗ್ಗೆ ಕೂತು ಅದರ ಬಗ್ಗೆ ಮಾತಾಡುತ್ತಾರೆ. ಮೊದಲು ನೋಡುವುದು, ಆಮೇಲೆ ಮಾತು. ನಮ್ಮ ಜಿಲ್ಲೆಯಲ್ಲೇ ಇಂಥ ಪದ್ಧತಿ ಇರುವಾಗ ನಾವು ಮಾದರಿಗೆ ದೂರ ಹೋಗಬೇಕಾಗಿರಲಿಲ್ಲ. ಮುಂದಿನ ಸಲ ಪುಸ್ತಕ ಬಿಡಿಸುವುದರಿಂದಲೇ ಶುರು.

ಮಧ್ಯಾಹ್ನದ ಮೇಲೆ ಉಳಿದವರೊಡನೆ ಮೇಜು ಹಂಚಿಕೊಂಡೆವು. ಒಂದೊಂದು ಪುಸ್ತಕಕ್ಕೆ ಒಬ್ಬ ವಿದ್ಯಾರ್ಥಿ, ಪಕ್ಕದಲ್ಲಿ ಪುಸ್ತಕದ ಯಜಮಾನರು. ಹಾಲ್‌ನ ತುಂಬ ಗುಜುಗುಜು. ನಮಗೆ ಹೊಳೆಯದೇ ಇದ್ದ ವಿಷಯಗಳು ಒಂದಾದ ಮೇಲೊಂದು ಹೊರಗೆ ಬಂದವು. ಹೊಸನಗರದ ಕಡೆಯ ಒಬ್ಬರ ಅಳತೆ ಗಾಜು ಒಡೆದು ಬೇರೆಯದನ್ನು ತಂದಿದ್ದರು. ಮಳೆಮಾಪಕದ ಬಾಯಿ ಎಷ್ಟು ಅಗಲವೋ ಅದಕ್ಕೆ ತಕ್ಕ ಹಾಗೆ ಗಾಜಿನ ಮೇಲೆ ಗೆರೆ ಹಾಕಿರುತ್ತಾರೆ. ಬೇರೆ ಮಾಪಕದ ಗಾಜು ಇಟ್ಟರೆ ಎಲ್ಲಾ ಲೆಕ್ಕವೂ ಒಂದೇ ಪ್ರಮಾಣದಲ್ಲಿ ತಪ್ಪುತ್ತದೆ. ಯಾವ ವರ್ಷ ಬದಲಾಯಿಸಿದ್ದು ಅಂತ ಅವರಿಗೆ ನೆನಪಿತ್ತು, ಹಳೇ ಮಾಪಕದ ಅಳತೆಯೂ ಗೊತ್ತಿತ್ತು. ಹಾಗಾಗಿ ಆ ಲೆಕ್ಕ ಉಳಿಯಿತು. ಇನ್ನೊಬ್ಬರ ಮಾಪಕ ಅಡಿಕೆ ಮರಗಳ ಹತ್ತಿರವೇ ಇತ್ತು. ಅಡ್ಡ ಇರುವುದು ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಇಡಬೇಕು, ಇಲ್ಲದಿದ್ದರೆ ಮಳೆಯನ್ನು ಮರವೇ ತಡೆಯುತ್ತದೆ. ಮಲೆನಾಡಿನ ಮನೆಯಲ್ಲಿ ಅಷ್ಟು ಬಯಲು ಹುಡುಕುವುದೇ ಕಷ್ಟ. ಅದಕ್ಕೇ ಈಗ ಮಾಪಕ ಎಲ್ಲಿದೆ, ಗಾಜು ಯಾವುದು, ಯಾವಾಗ ಬದಲಾಯಿತು ಅಂತ ಬರೆಯಲು ತಂತ್ರಾಂಶದಲ್ಲಿ ಜಾಗ ಇದೆ. ಆ ಭಾಗದ ಕೋಡನ್ನು ಅವತ್ತು ಹೊಸನಗರದವರ ಪಕ್ಕ ಕೂತಿದ್ದ ವಿದ್ಯಾರ್ಥಿಯೇ ಬರೆದದ್ದು. ಅವನು ಈಗ ನಮ್ಮ ಐದನೆಯವನು.

ಈಗ

ಮುಂದಿನ ಕಾನ್ಫರೆನ್ಸಿಗೆ ಪ್ರಸ್ತಾವನೆ ಕಳಿಸಿದ್ದೇವೆ. ಬರೆದದ್ದು ಹುಡುಗಿ, ಮಾತಾಡುವವಳೂ ಅವಳೇ. ಅವಳ ಓದು ಮುಗಿದಿದೆ. ಮಾತಿನ ಹೆಸರು "1-5 ಅಂದರೆ ಎಷ್ಟು ಮಳೆ?" ನಕ್ಷತ್ರ, ಸೆಂಟು, ಏಳು ಗಂಟೆಯ ಕಾಫಿ ಎಲ್ಲ ಅದರಲ್ಲಿ ಇರುತ್ತದೆ. ನಮ್ಮಿಂದ ಇನ್ನೂ ಆಗದೇ ಇರುವ ಕೆಲಸವನ್ನೂ ಅದರಲ್ಲೇ ಬರೆದಿದ್ದಾಳೆ: ಕೈಬರಹದ ಪುಟದ ಫೋಟೋದಿಂದ ಕನ್ನಡ ಅಂಕಿಗಳನ್ನು ತಾನಾಗಿ ಓದಿಸುವುದು. ದೊಡ್ಡಪ್ಪ ಕನ್ನಡ ಅಂಕಿಯಲ್ಲೇ ಬರೆಯುವವರು. ಅವರ ೩ ಮತ್ತು ೬ ಒಂದೇ ತರ ಕಾಣುತ್ತವೆ, ಬಿಡಿಸಿ ಓದುವವರು ಸದ್ಯಕ್ಕೆ ದೊಡ್ಡಮ್ಮ ಒಬ್ಬರೇ.

ಈ ಸಲ ದೊಡ್ಡಪ್ಪನನ್ನೂ ಕರೆದಿದ್ದೇವೆ. ಒಂದು ಪುಸ್ತಕ ಮತ್ತು ಅಳತೆಯ ಗಾಜು ಹಿಡಿದುಕೊಂಡು ಅವರು ಮೂಲೆ ಮೇಜಿನಲ್ಲಿ ಕೂರಬೇಕು ಅಂತ ನಮ್ಮ ಆಸೆ. ಮೊದಲು ಬೇಡ ಅಂದರು. ಆಮೇಲೆ ಮೊನ್ನೆ ಅವರೇ ಫೋನ್ ಮಾಡಿ ಕಾನ್ಫರೆನ್ಸ್ ಯಾವ ತಾರೀಕಿಗೆ ಅಂತ ಕೇಳಿದರು. ಹೇಳಿದೆ. ಆಚೆ ಕಡೆ ಪಂಚಾಂಗದ ಹಾಳೆ ತಿರುಗಿಸುವ ಸದ್ದು ಕೇಳಿಸಿತು.

"ಕೊನೆಗಾರನ ಹತ್ರ ಒಂದ್ ಮಾತು ಕೇಳ್ತೀನಿ. ಅವ್ನು ಹ್ಞೂಂ ಅಂದ್ರೆ ಟಿಕೆಟ್ ಮಾಡು. ಗಾಜು ಬಸ್ಸಲ್ಲಿ ಒಡೀಬಾರ್ದು, ಒಂದು ಡಬ್ಬಿ ನೋಡು" ಅಂದರು.